ನಿವೃತ್ತಿಯ ಗಂಟು ಎಷ್ಟಿರಬೇಕು?

ನಿವೃತ್ತಿಯ ನಂತರದ ಬದುಕಿಗೆ ಎಷ್ಟು ಹಣ ಬೇಕು ಎಂಬ ಪ್ರಶ್ನೆಯ ಉತ್ತರ ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಮನೆಯ ಖರ್ಚು ಎಷ್ಟು, ಆ ಖರ್ಚು ಯಾವ ವೇಗದಲ್ಲಿ ಏರುತ್ತದೆ, ಎಷ್ಟು ವರ್ಷ ಅದನ್ನು ತೂಗಿಸಬೇಕು, ಅಷ್ಟರಲ್ಲಿ ಕೂಡಿಟ್ಟ ಹಣ ಎಷ್ಟು ಬೆಳೆಯುತ್ತದೆ. ನಾಲ್ಕರಲ್ಲಿ ಮೊದಲನೆಯದೊಂದು ಮಾತ್ರ ಮನೆಯವರಿಗೆ ಗೊತ್ತಿರುವಂಥದ್ದು. ಉಳಿದ ಮೂರೂ ಅಂದಾಜು. ಹೀಗಾಗಿ ಲೆಕ್ಕ ಎಷ್ಟೇ ಚೊಕ್ಕವಾಗಿ ಮಾಡಿದರೂ ಕೊನೆಗೆ ಕೈಗೆ ಬರುವುದು ಒಂದೇ ಅಂಕಿಯಲ್ಲ. ಇಷ್ಟಕ್ಕಿಂತ ಕಡಿಮೆಯಾದರೆ ಕಷ್ಟ, ಇಷ್ಟಿದ್ದರೆ ನೆಮ್ಮದಿ ಎಂಬ ಎರಡು ಅಂಕಿಗಳು ಮತ್ತು ಅವುಗಳ ನಡುವಿನ ಹರವು.

ಜನರ ಬಾಯಲ್ಲಿರುವ ಅಂಕಿಗಳ ಕತೆ ಬೇರೆ. ‘ಒಂದು ಕೋಟಿ ಇದ್ದುಬಿಟ್ಟರೆ ಸಾಕು’ ಎಂಬ ಮಾತು ಮದುವೆ ಮನೆಯಿಂದ ಬ್ಯಾಂಕಿನ ಸರದಿಯವರೆಗೆ ಎಲ್ಲೆಡೆ ಕೇಳಿಬರುತ್ತದೆ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 20 ವರ್ಷಗಳ ನಂತರದ ಆ ಒಂದು ಕೋಟಿ ಇಂದಿನ 31 ಲಕ್ಷಕ್ಕೆ ಸಮ. ಅಲ್ಲದೆ ದಾವಣಗೆರೆಯ ಸ್ವಂತ ಮನೆಯಲ್ಲಿರುವ ದಂಪತಿಗೂ ಬೆಂಗಳೂರಿನ ಬಾಡಿಗೆ ಮನೆಯಲ್ಲಿರುವವರಿಗೂ ಒಂದೇ ಅಂಕಿ ಒಪ್ಪುವುದು ಸಾಧ್ಯವಿಲ್ಲ. ಗಂಟಿನಿಂದ ಲೆಕ್ಕ ಶುರುಮಾಡುವುದೇ ತಪ್ಪು. ತಿಂಗಳ ಖರ್ಚಿನಿಂದ ಶುರುಮಾಡಿದರೆ ಗಂಟು ತಾನಾಗಿ ಗೊತ್ತಾಗುತ್ತದೆ.

ಈ ಲೆಕ್ಕ ಮನೆಮನೆಯ ಕೆಲಸವಾಗಿ ಬಹಳ ಕಾಲವೇನೂ ಆಗಿಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದ ಸರ್ಕಾರ 1889ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ತಂದಾಗ ಅರ್ಹತೆಯ ವಯಸ್ಸು 70 ಆಗಿತ್ತು; ಅಷ್ಟು ಕಾಲ ಬದುಕುವ ಕಾರ್ಮಿಕರೇ ಕಡಿಮೆ. ಭಾರತದಲ್ಲಿ ಸರ್ಕಾರಿ ನೌಕರರಿಗೆ ಕೊನೆಯ ವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ ಸಿಗುತ್ತಿದ್ದುದರಿಂದ ಅವರು ಗಂಟಿನ ಚಿಂತೆ ಮಾಡಬೇಕಿರಲಿಲ್ಲ. ಉಳಿದವರಿಗೆ ಮಕ್ಕಳು, ಜಮೀನು, ಅಂಗಡಿ ಇವೇ ಪಿಂಚಣಿ. 2004ರ ಜನವರಿ 1ರಿಂದ ಕೇಂದ್ರ ಸರ್ಕಾರದ ಹೊಸ ನೌಕರರು, 2006ರ ಏಪ್ರಿಲ್ 1ರಿಂದ ಕರ್ನಾಟಕ ಸರ್ಕಾರದ ಹೊಸ ನೌಕರರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ ಬಂದರು. ಅದರಲ್ಲಿ ಎಷ್ಟು ಕಟ್ಟಬೇಕೆಂಬುದು ನಿಗದಿ, ಎಷ್ಟು ಸಿಗುತ್ತದೆಂಬುದು ಮಾರುಕಟ್ಟೆಗೆ ಬಿಟ್ಟದ್ದು. 2025ರ ಏಪ್ರಿಲ್‌ನಿಂದ ಕೇಂದ್ರ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆಯ ಆಯ್ಕೆ ಬಂದಿದ್ದು, 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತರಿಯಾಗಿದೆ. ಖಾಸಗಿ ಕಂಪನಿಯಲ್ಲಿ ದುಡಿಯುವವರಿಗೆ, ವಕೀಲರಿಗೆ, ಅಂಗಡಿಯವರಿಗೆ, ರೈತರಿಗೆ ಅಂಥ ಖಾತರಿ ಇಲ್ಲ. ಮಕ್ಕಳು ಹುಬ್ಬಳ್ಳಿಯಿಂದ ಪುಣೆಗೋ ಅಮೆರಿಕಕ್ಕೋ ಹೋಗಿ ನೆಲೆಸಿದ ಮೇಲೆ ಹಳೆಯ ಏರ್ಪಾಡೂ ಸಡಿಲವಾಗಿದೆ.

ಮನೆಯ ಖರ್ಚು

ಖರ್ಚನ್ನು ಅಂದಾಜು ಮಾಡಲು ಎರಡು ದಾರಿಗಳಿವೆ. ಮೊದಲನೆಯದು, ಕೊನೆಯ ಸಂಬಳದ ಶೇ. 70 ಅಥವಾ 80ರಷ್ಟು ಸಾಕು ಎಂದು ಹಿಡಿಯುವುದು. ಬದುಕಿನುದ್ದಕ್ಕೂ ಜೀವನಮಟ್ಟ ಹೆಚ್ಚು ಕಡಿಮೆ ಒಂದೇ ಸಮನಾಗಿರಲೆಂದು ಮನುಷ್ಯ ದುಡಿಯುವ ಕಾಲದಲ್ಲಿ ಉಳಿಸಿ ಮುಪ್ಪಿನಲ್ಲಿ ಖರ್ಚು ಮಾಡುತ್ತಾನೆ ಎಂದು ಅರ್ಥಶಾಸ್ತ್ರಜ್ಞ ಫ್ರಾಂಕೊ ಮೊಡಿಗ್ಲಿಯಾನಿ 1950ರ ದಶಕದಲ್ಲಿ ವಾದಿಸಿದ್ದರು. 1985ರ ನೊಬೆಲ್ ಪುರಸ್ಕಾರ ಅವರಿಗೆ ಬಂದದ್ದರಲ್ಲಿ ಈ ಚಿಂತನೆಯ ಪಾಲು ದೊಡ್ಡದು. ಶೇಕಡಾವಾರು ಸೂತ್ರ ಈ ಯೋಚನೆಗೆ ಹತ್ತಿರದ್ದು. ಆದರೆ ಮಧ್ಯಮ ವರ್ಗದ ಭಾರತೀಯ ಮನೆಗೆ ಅದು ಒರಟು ಅಳತೆ. ತಿಂಗಳಿಗೆ ಎರಡು ಲಕ್ಷ ಸಂಬಳ ಪಡೆದು ಅರವತ್ತು ಸಾವಿರ ಮನೆ ಸಾಲದ ಕಂತು ಕಟ್ಟುವವರ ಸಂಬಳಕ್ಕೂ ಮುಂದಿನ ಖರ್ಚಿಗೂ ಸಂಬಂಧ ಕಡಿಮೆ. ಕಂತು ಮುಗಿಯುತ್ತದೆ, ಭವಿಷ್ಯ ನಿಧಿಯ ಕಡಿತ ನಿಲ್ಲುತ್ತದೆ, ಶಾಲೆಯ ಶುಲ್ಕ ಇರುವುದಿಲ್ಲ.

ಎರಡನೆಯ ದಾರಿ ಬೇಸರದ್ದಾದರೂ ನಂಬಲರ್ಹ: ಹನ್ನೆರಡು ತಿಂಗಳು ಖರ್ಚನ್ನು ಬರೆದಿಡುವುದು. ಒಂದು ತಿಂಗಳು ಬರೆದರೆ ಸಾಲದು. ಯುಗಾದಿಯ ಬಟ್ಟೆ, ಗಣೇಶನ ಹಬ್ಬ, ಆಸ್ತಿ ತೆರಿಗೆ, ವಿಮೆಯ ಕಂತು, ನೆಂಟರ ಮದುವೆಯ ಮುಯ್ಯಿ ಇವೆಲ್ಲ ವರ್ಷಕ್ಕೊಮ್ಮೆ ಬರುವಂಥವು. ಇನ್ನು ಕೆಲವು ಐದಾರು ವರ್ಷಕ್ಕೊಮ್ಮೆ: ಮನೆಗೆ ಸುಣ್ಣ ಬಣ್ಣ, ಸೋರುವ ತಾರಸಿಯ ರಿಪೇರಿ, ಹಾಳಾದ ಫ್ರಿಜ್ಜು, ಬೋರ್‌ವೆಲ್ಲಿನ ಮೋಟಾರು, ಹಳೆಯ ಸ್ಕೂಟರಿನ ಬದಲಿಗೆ ಹೊಸದು. ಇವನ್ನು ವರ್ಷಕ್ಕೆ ಹಂಚಿ ಸೇರಿಸಬೇಕು. ಆರು ವರ್ಷಕ್ಕೊಮ್ಮೆ ಒಂದು ಲಕ್ಷ ಇಪ್ಪತ್ತು ಸಾವಿರ ಬೇಡುವ ಬಣ್ಣದ ಕೆಲಸವೆಂದರೆ ವರ್ಷಕ್ಕೆ ಇಪ್ಪತ್ತು ಸಾವಿರದ ಖರ್ಚೇ. ಮನೆಯ ಲೆಕ್ಕಗಳು ತಪ್ಪುವುದು ಹೆಚ್ಚಾಗಿ ಅಕ್ಕಿ ಬೇಳೆಯಲ್ಲಲ್ಲ, ಇಂಥ ಕಡೆ.

ಹೀಗೆ ಬಂದ ಮೊತ್ತದಿಂದ ನಿವೃತ್ತಿಯ ಹೊತ್ತಿಗೆ ನಿಲ್ಲುವ ಖರ್ಚುಗಳನ್ನು ಕಳೆದು, ಆಗ ಹೊಸದಾಗಿ ಬರುವವನ್ನು ಕೂಡಬೇಕು. ಔಷಧಿ, ಮನೆಗೆಲಸದ ಸಹಾಯ, ದೂರದ ಊರಿನ ಮಕ್ಕಳ ಮನೆಗೆ ಓಡಾಟ, ಬಿಡುವಿದ್ದಾಗ ಬರುವ ತೀರ್ಥಯಾತ್ರೆಯ ಆಸೆ. ಅಮೆರಿಕದ ಸಂಶೋಧಕ ಡೇವಿಡ್ ಬ್ಲಾಂಚೆಟ್ 2014ರಲ್ಲಿ ಅಲ್ಲಿನ ಕುಟುಂಬಗಳ ಖರ್ಚನ್ನು ನೋಡಿ, ನಿವೃತ್ತರ ನಿಜವಾದ ಖರ್ಚು ಮೊದಮೊದಲು ಹೆಚ್ಚಿದ್ದು, ನಡುವೆ ನಿಧಾನವಾಗಿ ಇಳಿದು, ಕೊನೆಯ ವರ್ಷಗಳಲ್ಲಿ ಆರೋಗ್ಯದ ಕಾರಣಕ್ಕೆ ಮತ್ತೆ ಏರುತ್ತದೆಂದು ತೋರಿಸಿದರು. ನಡುವಿನ ಆ ಇಳಿತವನ್ನು ನಂಬಿಕೊಂಡು ಗಂಟನ್ನು ಸಣ್ಣದು ಮಾಡಿಕೊಳ್ಳುವುದು ವಿವೇಕವಲ್ಲ. ಉಳಿದದ್ದು ಆರೈಕೆಗೆ ಬೇಕಾಗುತ್ತದೆ.

ಮುಂದಿನ ಲೆಕ್ಕಗಳಿಗೆ ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಮೈಸೂರಿನ ಸ್ವಂತ ಮನೆಯಲ್ಲಿರುವ, 45 ವರ್ಷದ ಆಸುಪಾಸಿನ ದಂಪತಿ. ನಿವೃತ್ತಿಯಲ್ಲಿ ಬೇಕಾಗುವ ಖರ್ಚು ಇಂದಿನ ಬೆಲೆಯಲ್ಲಿ ತಿಂಗಳಿಗೆ 40,000 ರೂಪಾಯಿ. ನಿವೃತ್ತಿ 60ಕ್ಕೆ.

ಬೆಲೆ ಏರಿಕೆ

ಈ ಇಡೀ ಲೆಕ್ಕದ ಮರ್ಮ ಬೆಲೆ ಏರಿಕೆಯಲ್ಲಿದೆ. ವರ್ಷಕ್ಕೆ ಶೇ. 6ರ ಏರಿಕೆಯೆಂದರೆ ಹನ್ನೆರಡು ವರ್ಷಕ್ಕೆ ಬೆಲೆ ಎರಡು ಪಟ್ಟು, ಇಪ್ಪತ್ತನಾಲ್ಕು ವರ್ಷಕ್ಕೆ ನಾಲ್ಕು ಪಟ್ಟು. ಉದಾಹರಣೆಯ 40,000 ರೂಪಾಯಿ 15 ವರ್ಷಗಳಲ್ಲಿ ಸುಮಾರು 96,000 ಆಗುತ್ತದೆ, ವರ್ಷಕ್ಕೆ ಹನ್ನೊಂದೂವರೆ ಲಕ್ಷ. ನಿವೃತ್ತಿಯ ದಿನ ಏರಿಕೆ ನಿಲ್ಲುವುದಿಲ್ಲ. ಅದೇ ಮನೆ ಅದೇ ರೀತಿಯಲ್ಲಿ ಬದುಕಿದರೆ 84ನೆಯ ವಯಸ್ಸಿನಲ್ಲಿ ತಿಂಗಳಿಗೆ ಮೂರು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಬೇಕು. ಈ ಅಂಕಿ ಕೇಳಿದವರು ಬೆಚ್ಚುವುದು ಸಹಜ. ಆದರೆ ಇಂದು 84 ದಾಟಿದವರು ತಮ್ಮ ಅರವತ್ತನೆಯ ವರ್ಷದಲ್ಲಿ ಹಾಲಿಗೆ, ಬಸ್ಸಿಗೆ, ವೈದ್ಯರಿಗೆ ಎಷ್ಟು ಕೊಡುತ್ತಿದ್ದರೆಂದು ನೆನೆದರೆ ಅಂಕಿ ಉತ್ಪ್ರೇಕ್ಷೆಯಲ್ಲವೆಂದು ತಿಳಿಯುತ್ತದೆ.

ಶೇ. 6 ಎಂದೇ ಏಕೆ ಹಿಡಿಯಬೇಕು? ರಿಸರ್ವ್ ಬ್ಯಾಂಕಿಗೆ 2016ರಿಂದ ಕಾನೂನು ವಿಧಿಸಿರುವ ಗುರಿ ಶೇ. 4, ಎರಡು ಅಂಶ ಹೆಚ್ಚು ಕಡಿಮೆಯಾಗಬಹುದು. ಗುರಿಯನ್ನೇ ನಂಬಿದರೆ ಲೆಕ್ಕ ಹಗುರವಾಗುತ್ತದೆ. ಅನುಭವ ಬೇರೆಯದನ್ನೇ ಹೇಳುತ್ತದೆ. ಆದಾಯ ತೆರಿಗೆಯಲ್ಲಿ ಬಂಡವಾಳ ಲಾಭಕ್ಕೆ ಬಳಸುವ ವೆಚ್ಚ ಹಣದುಬ್ಬರ ಸೂಚ್ಯಂಕ 2001-02ರಲ್ಲಿ 100 ಇದ್ದದ್ದು 2024-25ಕ್ಕೆ 363 ಆಗಿದೆ. ವರ್ಷಕ್ಕೆ ಸರಾಸರಿ ಶೇ. 5.8ರಷ್ಟು. ಆ ಸೂಚ್ಯಂಕ ಗ್ರಾಹಕ ಬೆಲೆ ಏರಿಕೆಯ ಮುಕ್ಕಾಲು ಪಾಲನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ನಿಜವಾದ ಏರಿಕೆ ಅದಕ್ಕಿಂತ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಏರಿಕೆ ತಗ್ಗಿರುವುದು ನಿಜವಾದರೂ ಮೂವತ್ತು, ನಲವತ್ತು ವರ್ಷಗಳ ಲೆಕ್ಕಕ್ಕೆ ಶೇ. 6 ಅತಿಯಲ್ಲ.

ಇನ್ನೊಂದು ತೊಡಕಿದೆ. ಸರ್ಕಾರದ ಸೂಚ್ಯಂಕ ಇಡೀ ದೇಶದ ಸರಾಸರಿ ಮನೆಯದು. 2012 ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯಗಳ ತೂಕ ಶೇ. 45.86; ಆರೋಗ್ಯದ್ದು ಬರೀ ಶೇ. 5.89. ಎಪ್ಪತ್ತೈದು ದಾಟಿದ ಇಬ್ಬರಿರುವ ಮನೆಯ ತಕ್ಕಡಿ ಹಾಗಿರುವುದಿಲ್ಲ. ಅಲ್ಲಿ ಮಾತ್ರೆ, ಪರೀಕ್ಷೆ, ಮನೆಗೆ ಬರುವ ನರ್ಸು, ಅಡುಗೆಯವರ ಸಂಬಳ ಇವೇ ಭಾರ, ಮತ್ತು ಇವೇ ಬೇಗ ಏರುವಂಥವು. ಸಂಬಳಗಳು ಏರಿದಂತೆ ಸೇವೆಗಳ ಬೆಲೆ ಏರುತ್ತದೆ. ದೇಶ ಮುಂದೆ ಬಂದಷ್ಟೂ ಇನ್ನೊಬ್ಬರ ಕೈಯ ದುಡಿಮೆ ದುಬಾರಿಯಾಗುತ್ತದೆ. ವಯಸ್ಸಾದವರು ಕೊಳ್ಳುವುದು ಹೆಚ್ಚಾಗಿ ಅದನ್ನೇ.

ಒಂದೇ ಒಂದು ಅಂಶದ ವ್ಯತ್ಯಾಸ ಎಷ್ಟು ಮಾಡುತ್ತದೆಂದು ಉದಾಹರಣೆಯಲ್ಲೇ ನೋಡಬಹುದು. 90ರವರೆಗೆ ಬದುಕು, ಗಂಟಿನ ಮೇಲೆ ತೆರಿಗೆ ಕಳೆದು ಶೇ. 7 ಬಡ್ಡಿ ಎಂದಿಟ್ಟುಕೊಂಡರೆ, ಬೆಲೆ ಏರಿಕೆ ಶೇ. 6 ಆದಾಗ ಬೇಕಾಗುವ ಗಂಟು ಸುಮಾರು ಮೂರು ಕೋಟಿ. ಏರಿಕೆ ಶೇ. 5 ಆದರೆ ಎರಡು ಕೋಟಿ ಮೂವತ್ತು ಲಕ್ಷ ಸಾಕು. ಶೇ. 7 ಆದರೆ ನಾಲ್ಕು ಕೋಟಿ ಬೇಕು. ಮನೆಯ ಖರ್ಚು ಮೂರು ಸಂದರ್ಭದಲ್ಲೂ ಒಂದೇ.

ಎಷ್ಟು ವರ್ಷ?

ಭಾರತದ ಸರಾಸರಿ ಆಯುಸ್ಸು 70ರ ಹತ್ತಿರ ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ಅದು ಹುಟ್ಟಿದ ಮಗುವಿನ ಲೆಕ್ಕ. ಎಳವೆಯ ಸಾವುಗಳೂ ಅದರಲ್ಲಿ ಸೇರಿವೆ. 60 ಮುಟ್ಟಿದವರಿಗೆ ದೇಶದ ಸರಾಸರಿಯಲ್ಲೇ ಇನ್ನೂ ಸುಮಾರು 18 ವರ್ಷ ಆಯುಸ್ಸಿದೆ, ಹೆಂಗಸರಿಗೆ ಸ್ವಲ್ಪ ಹೆಚ್ಚು. ಒಳ್ಳೆಯ ಊಟ, ಒಳ್ಳೆಯ ಆಸ್ಪತ್ರೆ ಕೈಗೆಟುಕುವವರು ಸರಾಸರಿಯನ್ನು ಮೀರುತ್ತಾರೆ. ಸರಾಸರಿಗೆ ಹಣ ಕೂಡಿಟ್ಟವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಹಣ ಮುಗಿದ ಮೇಲೂ ಬದುಕಿರುತ್ತಾರೆ. ದಂಪತಿಯ ವಿಷಯದಲ್ಲಿ ಲೆಕ್ಕ ಇನ್ನೂ ಉದ್ದವಾಗುತ್ತದೆ. ಒಬ್ಬೊಬ್ಬರೂ 90 ಮುಟ್ಟುವ ಸಾಧ್ಯತೆ ಐದರಲ್ಲಿ ಒಂದು ಎಂದಿಟ್ಟುಕೊಂಡರೂ ಇಬ್ಬರಲ್ಲಿ ಒಬ್ಬರಾದರೂ ಮುಟ್ಟುವ ಸಾಧ್ಯತೆ ಶೇ. 36. ಹೆಂಡತಿ ಐದು ವರ್ಷ ಚಿಕ್ಕವರಾಗಿದ್ದರೆ ಗಂಡನ 60ರಿಂದ ಎಣಿಸಿ 30 ವರ್ಷವಲ್ಲ, 35 ವರ್ಷ ಹಿಡಿಯಬೇಕು.

ಖರ್ಚಿನಿಂದ ಗಂಟಿಗೆ

ಮೊದಲ ವರ್ಷದ ಖರ್ಚು ಗೊತ್ತಾದ ಮೇಲೆ ಅದರ ಎಷ್ಟು ಪಟ್ಟು ಗಂಟು ಬೇಕೆಂಬುದು ಬಡ್ಡಿಗೂ ಬೆಲೆ ಏರಿಕೆಗೂ ಇರುವ ಅಂತರದಿಂದ ನಿರ್ಧಾರವಾಗುತ್ತದೆ. ಬಡ್ಡಿ ಎಷ್ಟು ಎಂಬುದಲ್ಲ, ಅಂತರ ಎಷ್ಟು ಎಂಬುದು ಮುಖ್ಯ. ಎರಡೂ ಸಮವಾದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಆಗ 30 ವರ್ಷಕ್ಕೆ ಸರಿಯಾಗಿ 30 ಪಟ್ಟು. ಬಾಯಿಲೆಕ್ಕದಲ್ಲಿ ಮಾಡಬಹುದಾದ ಸೂತ್ರ ಇದೊಂದೇ, ಮತ್ತು ಇದು ಒಳ್ಳೆಯ ಸೂತ್ರ. ಬೆಲೆ ಏರಿಕೆ ಶೇ. 6 ಇರುವಾಗ ತೆರಿಗೆ ಕಳೆದ ಬಡ್ಡಿ ಶೇ. 7 ಆದರೆ 26 ಪಟ್ಟು ಸಾಕು, ಶೇ. 8 ಆದರೆ 23 ಪಟ್ಟು. ಬಡ್ಡಿ ಶೇ. 5ಕ್ಕೆ ಇಳಿದರೆ 34 ಪಟ್ಟಿಗೂ ಮಿಕ್ಕಿ ಬೇಕು. ಠೇವಣಿಯ ಬಡ್ಡಿಯನ್ನೇ ನಂಬಿ, ಅದರ ಮೇಲೆ ತೆರಿಗೆಯನ್ನೂ ಕಟ್ಟುವವರು ಈ ಕೊನೆಯ ಗುಂಪಿಗೆ ಸೇರುತ್ತಾರೆ. 45ಕ್ಕೇ ಕೆಲಸ ಬಿಡಬೇಕೆನ್ನುವ ಬೆಂಗಳೂರಿನ ತಂತ್ರಜ್ಞರಿಗೆ ಇದೇ ಲೆಕ್ಕದಲ್ಲಿ 37ರಿಂದ 45 ಪಟ್ಟು ಬೇಕಾಗುತ್ತದೆ.

ಬಡ್ಡಿಯ ದರಗಳು ಬದಲಾಗುತ್ತಲೇ ಇರುತ್ತವೆ. ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್, 1986ರಿಂದ 2000ದ ಆರಂಭದವರೆಗೆ ಶೇ. 12 ಕೊಡುತ್ತಿತ್ತು, 2020ರ ಏಪ್ರಿಲ್‌ನಲ್ಲಿ ಅದು ಶೇ. 7.1ಕ್ಕೆ ಇಳಿಯಿತು. ತೊಂಬತ್ತರ ದಶಕದ ಬಡ್ಡಿ ನೋಡಿ ನಿವೃತ್ತಿಯ ಲೆಕ್ಕ ಹಾಕಿದ್ದವರು ಆದಾಯ ಕುಗ್ಗುವುದನ್ನು ಕಣ್ಣಾರೆ ಕಂಡರು.

ಪಾಶ್ಚಾತ್ಯ ಬರಹಗಳಲ್ಲಿ ಪ್ರಸಿದ್ಧವಾದ ‘ಶೇ. 4ರ ನಿಯಮ’ 25 ಪಟ್ಟಿನ ಮಾತಾಡುತ್ತದೆ. ಕ್ಯಾಲಿಫೋರ್ನಿಯಾದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಮೆರಿಕದ 1926ರಿಂದೀಚಿನ ಷೇರು ಮತ್ತು ಸಾಲಪತ್ರಗಳ ದಾಖಲೆ ಹಿಡಿದು ಪ್ರತಿ ವರ್ಷದ ನಿವೃತ್ತರ ಗತಿ ಏನಾಗುತ್ತಿತ್ತೆಂದು ನೋಡಿದರು. ಮೊದಲ ವರ್ಷ ಗಂಟಿನ ಶೇ. 4 ತೆಗೆದು, ನಂತರ ಬೆಲೆ ಏರಿಕೆಯಷ್ಟೇ ಹೆಚ್ಚಿಸುತ್ತ ಹೋದರೆ ಅತಿ ಕೆಟ್ಟ ಕಾಲದಲ್ಲಿ ನಿವೃತ್ತರಾದವರಿಗೂ ಹಣ 30 ವರ್ಷ ಬಾಳಿತು. ಟೆಕ್ಸಾಸ್‌ನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಅಧ್ಯಾಪಕರು 1998ರಲ್ಲಿ ಮಾಡಿದ ಅಧ್ಯಯನವೂ ಅದಕ್ಕೆ ಹತ್ತಿರದ ಉತ್ತರ ಕೊಟ್ಟಿತು. ಅದು ಪರಿಶ್ರಮದ ಒಳ್ಳೆಯ ಕೆಲಸವಾದರೂ ಅದರ ಅಂಕಿ ಭಾರತಕ್ಕೆ ಹೇಳಿದ್ದಲ್ಲ. ಗಂಟಿನ ಅರ್ಧದಷ್ಟಾದರೂ ಷೇರಿನಲ್ಲಿರಬೇಕೆಂಬ ಷರತ್ತು ಅದಕ್ಕಿದೆ. ಇಲ್ಲಿನ ಬಹುಪಾಲು ನಿವೃತ್ತರು ಹಣ ಇಡುವುದು ಅಂಚೆ ಕಚೇರಿ, ಬ್ಯಾಂಕಿನಲ್ಲಿ. ಮುಂಬೈ ಷೇರುಪೇಟೆಯ ಸೆನ್ಸೆಕ್ಸ್‌ನ ಆಧಾರ ವರ್ಷವೇ 1978-79. ಮೂವತ್ತು ವರ್ಷದ ನಿವೃತ್ತಿಗಳನ್ನು ಪರೀಕ್ಷಿಸಲು ಅಷ್ಟು ಚಿಕ್ಕ ಇತಿಹಾಸ ಸಾಲದು. 60ಕ್ಕೆ ನಿವೃತ್ತರಾಗುವ ಭಾರತೀಯ ದಂಪತಿ 30 ಪಟ್ಟನ್ನು ಗುರಿಯಾಗಿಟ್ಟುಕೊಳ್ಳುವುದು ಮೇಲು. 25 ಪಟ್ಟನ್ನು ಕೆಳಗಿನ ಮಿತಿಯೆಂದು ತಿಳಿಯಬೇಕು.

ಷೇರಿನಲ್ಲಿ ಹಣವಿಟ್ಟವರಿಗೆ ಸರಾಸರಿ ಲಾಭಕ್ಕಿಂತ ಲಾಭ ನಷ್ಟಗಳು ಬರುವ ಸರದಿ ಮುಖ್ಯ. ಇಬ್ಬರ ಬಳಿ ಒಂದೊಂದು ಕೋಟಿ ಇದೆ, ಇಬ್ಬರೂ ಪ್ರತಿ ವರ್ಷದ ಆರಂಭದಲ್ಲಿ ಆರು ಲಕ್ಷ ತೆಗೆಯುತ್ತಾರೆ. ಒಬ್ಬರಿಗೆ ಮೊದಲ ವರ್ಷ ಶೇ. 30, ಎರಡನೆಯ ವರ್ಷ ಶೇ. 10 ನಷ್ಟ, ನಂತರದ ಎರಡು ವರ್ಷ ಶೇ. 25ರಂತೆ ಲಾಭ. ಇನ್ನೊಬ್ಬರಿಗೆ ಇದೇ ಅಂಕಿಗಳು ತಿರುಗಾಮುರುಗಾ. ನಾಲ್ಕು ವರ್ಷದ ಕೊನೆಗೆ ಮೊದಲನೆಯವರ ಬಳಿ 67 ಲಕ್ಷ, ಎರಡನೆಯವರ ಬಳಿ 80 ಲಕ್ಷ. ಹಣ ತೆಗೆಯದೆ ಬಿಟ್ಟಿದ್ದರೆ ಇಬ್ಬರದೂ 98 ಲಕ್ಷವೇ ಆಗುತ್ತಿತ್ತು. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,100ರ ಆಸುಪಾಸಿಗೆ ಬಿದ್ದಿತ್ತು; ಆ ಹದಿನಾಲ್ಕು ತಿಂಗಳಲ್ಲಿ ನಿವೃತ್ತರಾಗಿ ಷೇರು ಮಾರಿ ಬದುಕಬೇಕಾಗಿ ಬಂದವರಿಗೆ ನಂತರದ ಏರಿಕೆಯ ಪ್ರಯೋಜನ ಪೂರ್ತಿ ದಕ್ಕಲಿಲ್ಲ. ಐದಾರು ವರ್ಷದ ಖರ್ಚನ್ನು ಠೇವಣಿಯಲ್ಲಿಟ್ಟು ಉಳಿದದ್ದನ್ನಷ್ಟೇ ಷೇರಿಗೆ ಬಿಡಬೇಕೆಂಬ ಸಲಹೆ ಹುಟ್ಟಿದ್ದು ಇದಕ್ಕಾಗಿ.

ಗಂಟು ಕರಗುವ ರೀತಿಯನ್ನು ವರ್ಷವರ್ಷಕ್ಕೆ ಬರೆದು ನೋಡುವುದು ಕಣ್ಣು ತೆರೆಸುವ ಕೆಲಸ. ಉದಾಹರಣೆಯ ದಂಪತಿ 60ಕ್ಕೆ ಮೂರು ಕೋಟಿ ಎರಡು ಲಕ್ಷದಿಂದ ಶುರುಮಾಡಿ, ಹನ್ನೊಂದೂವರೆ ಲಕ್ಷ ತೆಗೆದು, ಉಳಿದದ್ದಕ್ಕೆ ಶೇ. 7 ಪಡೆದರೆ ಮರುವರ್ಷ ಕೈಯಲ್ಲಿ ಮೂರು ಕೋಟಿ ಹನ್ನೊಂದು ಲಕ್ಷ ಇರುತ್ತದೆ. ಹಣ ತೆಗೆದರೂ ಗಂಟು ಬೆಳೆಯುತ್ತದೆ! 74ನೆಯ ವಯಸ್ಸಿನವರೆಗೂ ಬೆಳೆಯುತ್ತ ಮೂರು ಕೋಟಿ ಎಂಬತ್ತೆಂಟು ಲಕ್ಷ ಮುಟ್ಟುತ್ತದೆ. ಆಮೇಲೆ ಇಳಿತ: 80ಕ್ಕೆ ಮೂರು ಕೋಟಿ ಐವತ್ತನಾಲ್ಕು ಲಕ್ಷ, 85ಕ್ಕೆ ಎರಡು ಕೋಟಿ ನಲವತ್ತೆರಡು ಲಕ್ಷ, 90ಕ್ಕೆ ಸೊನ್ನೆ. ಮೊದಲ ಹದಿನಾಲ್ಕು ವರ್ಷದ ಆ ಬೆಳವಣಿಗೆಯನ್ನು ಹೆಚ್ಚುವರಿ ಎಂದು ತಿಳಿದೇ ಎಷ್ಟೋ ಹಿರಿಯರು ಮಗನ ಫ್ಲ್ಯಾಟಿಗೆ, ಅಳಿಯನ ವ್ಯಾಪಾರಕ್ಕೆ ಹಣ ಕೊಟ್ಟುಬಿಡುತ್ತಾರೆ. ಅದು ಹೆಚ್ಚುವರಿಯಲ್ಲ, ಎಂಬತ್ತರ ನಂತರದ ಊಟ ಮತ್ತು ಔಷಧಿ.

ಗಂಟಿನಿಂದ ಕಳೆಯಬೇಕಾದವು

ಪಿಂಚಣಿ ಬರುವಂತಿದ್ದರೆ ಅಷ್ಟರಮಟ್ಟಿಗೆ ಗಂಟು ಕಡಿಮೆ ಸಾಕು. ಆದರೆ ಎಲ್ಲ ಪಿಂಚಣಿಯ ತೂಕ ಒಂದೇ ಅಲ್ಲ. ತಿಂಗಳಿಗೆ 40,000 ರೂಪಾಯಿ ಪಿಂಚಣಿಗೆ ತುಟ್ಟಿಭತ್ಯೆ ಸೇರಿ ಬೆಲೆಯೊಂದಿಗೆ ಅದೂ ಏರುತ್ತ ಹೋದರೆ, ಮೇಲಿನದೇ ಬಡ್ಡಿ ಮತ್ತು ಏರಿಕೆಯ ದರದಲ್ಲಿ 30 ವರ್ಷಕ್ಕೆ ಅದು ಒಂದು ಕೋಟಿ 26 ಲಕ್ಷದ ಗಂಟಿಗೆ ಸಮ. ಅದೇ 40,000 ಕೊನೆಯವರೆಗೂ 40,000 ಆಗಿಯೇ ಉಳಿದರೆ ಅದರ ಬೆಲೆ 64 ಲಕ್ಷ ಮಾತ್ರ, ಸರಿಸುಮಾರು ಅರ್ಧ. ಹಳೆಯ ಪಿಂಚಣಿಗಾಗಿ ರಾಜ್ಯದ ನೌಕರರು ವರ್ಷಗಳಿಂದ ಇಟ್ಟಿರುವ ಬೇಡಿಕೆಯ ಹಿಂದಿನ ಗಣಿತ ಇದು. ವಿಮಾ ಕಂಪನಿಗಳು ಮಾರುವ ವರ್ಷಾಶನ ಬಹುಪಾಲು ಎರಡನೆಯ ಬಗೆಯದು. ಎನ್‌ಪಿಎಸ್‌ನಲ್ಲಿ 60ಕ್ಕೆ ನಿವೃತ್ತರಾಗುವ ಸರ್ಕಾರಿ ನೌಕರರು ಗಂಟಿನ ಶೇ. 40ನ್ನಾದರೂ ಅದಕ್ಕೆ ಹಾಕಬೇಕೆಂಬ ನಿಯಮವಿದೆ.

ಖಾಸಗಿ ನೌಕರರ 1995ರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ವೇತನದ ಮಿತಿ 2014ರ ಸೆಪ್ಟೆಂಬರ್‌ನಿಂದ 15,000. ಆ ಮಿತಿಯಲ್ಲಿ 35 ವರ್ಷ ದುಡಿದವರಿಗೆ ಬರುವುದು ತಿಂಗಳಿಗೆ 7,500, ತುಟ್ಟಿಭತ್ಯೆ ಇಲ್ಲ. ಕನಿಷ್ಠ ಪಿಂಚಣಿ 1,000 ರೂಪಾಯಿ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವರಿಗೆ ಇದು ನ್ಯಾಯವಲ್ಲ. ಅವರ ನಿಜವಾದ ಆಸರೆ ಭವಿಷ್ಯ ನಿಧಿಯ ಗಂಟು. ಅದನ್ನು ಕೆಲಸ ಬದಲಿಸಿದಾಗಲೆಲ್ಲ ಬಿಡಿಸಿಕೊಳ್ಳದೆ ವರ್ಗಾಯಿಸಿದವರ ಲೆಕ್ಕ ಅರ್ಧ ಗೆದ್ದಂತೆ. ಗ್ರಾಚ್ಯುಯಿಟಿ ಸೇವೆಯ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಬರುತ್ತದೆ: 60,000 ಮೂಲವೇತನ, 30 ವರ್ಷ ಸೇವೆಗೆ ಹತ್ತು ಲಕ್ಷದ ಮೇಲೆ ಸ್ವಲ್ಪ.

60 ದಾಟಿದವರ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. 2025ರ ಶೇ. 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಸುರಕ್ಷಿತವಾದದ್ದು, ಒಳ್ಳೆಯದು, ಆದರೆ ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡಿದರೆ ಅಸಲು ಬೆಲೆ ಏರಿಕೆಗೆ ಸವೆಯುತ್ತದೆ.

ಸೈಟು ಮತ್ತು ಚಿನ್ನವನ್ನು ಎಷ್ಟೋ ಮನೆಗಳಲ್ಲಿ ನಿವೃತ್ತಿಯ ಗಂಟೆಂದೇ ಎಣಿಸುತ್ತಾರೆ. ಮಾರುವ ಮನಸ್ಸಿಲ್ಲದ ಸೈಟಿನ ಬೆಲೆಯನ್ನು ಈ ಲೆಕ್ಕದಲ್ಲಿ ಸೊನ್ನೆ ಎಂದೇ ಬರೆಯಬೇಕು. ಬಾಡಿಗೆ ತರುವ ಮನೆಯಿದ್ದರೆ ರಿಪೇರಿ, ಖಾಲಿ ತಿಂಗಳು, ತೆರಿಗೆ ಕಳೆದು ಉಳಿಯುವ ಬಾಡಿಗೆಯನ್ನು ಪಿಂಚಣಿಯಂತೆ ಎಣಿಸಬಹುದು. ಬಾಡಿಗೆ ಬೆಲೆಯೊಂದಿಗೆ ಏರುವುದು ಅದರ ದೊಡ್ಡ ಗುಣ. ವಾಸದ ಮನೆಯನ್ನು ಅಡವಿಟ್ಟು ಬ್ಯಾಂಕಿನಿಂದ ತಿಂಗಳ ಹಣ ಪಡೆಯುವ ಹಿಮ್ಮುಖ ಅಡಮಾನ 2007ರಿಂದ ಇದೆಯಾದರೂ ಜನ ಅದಕ್ಕೆ ಒಗ್ಗಿಕೊಂಡಿಲ್ಲ.

ಕಾಯಿಲೆ

ಆಸ್ಪತ್ರೆಯ ಖರ್ಚನ್ನು ತಿಂಗಳ ಖರ್ಚಿನೊಳಗೆ ತುರುಕುವುದು ಸರಿಯಲ್ಲ. ಅದಕ್ಕೆ ಎರಡು ಪ್ರತ್ಯೇಕ ಸಾಲು ಬೇಕು: ಆರೋಗ್ಯ ವಿಮೆಯ ಕಂತು, ಮತ್ತು ವಿಮೆ ಭರಿಸದ ಖರ್ಚಿಗೆಂದು ತೆಗೆದಿಟ್ಟ ಮೊತ್ತ. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರವನ್ನು ಕೇಳಬೇಕೆಂಬ ಆದೇಶ 2025ರ ಜನವರಿಯಲ್ಲಿ ಬಂದಿದೆ. ಶೇ. 10ರಂತೆಯೇ ಏರಿದರೂ ಈಗಿನ 60,000ದ ಕಂತು ಇಪ್ಪತ್ತು ವರ್ಷದಲ್ಲಿ ನಾಲ್ಕು ಲಕ್ಷ ಮುಟ್ಟುತ್ತದೆ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಯೋಜನೆಯ ವಿಸ್ತರಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಇವು ಯಾವುವೂ ಮನೆಯಲ್ಲಿ ಮಲಗಿದವರ ಆರೈಕೆಯ ಖರ್ಚನ್ನು ಕೊಡುವುದಿಲ್ಲ. ಪಾರ್ಶ್ವವಾಯು, ಮರೆವಿನ ಕಾಯಿಲೆ ಬಂದ ಮನೆಗಳಲ್ಲಿ ದೊಡ್ಡ ಖರ್ಚು ಅದೇ. ಎರಡು ಮೂರು ವರ್ಷದ ಮನೆಖರ್ಚಿನಷ್ಟು ಹಣವನ್ನು ಇದಕ್ಕೆಂದೇ ಬೇರೆ ಇಡುವುದು ಅಗತ್ಯ.

ತಿಂಗಳಿಗೆ ಎಷ್ಟು ಉಳಿಸಬೇಕು?

ಮೂರು ಕೋಟಿಯ ಗುರಿಯನ್ನು ಶೇ. 8ರ ಬಡ್ಡಿಯಲ್ಲಿ ಮುಟ್ಟಲು 30ನೆಯ ವಯಸ್ಸಿನಿಂದ ಶುರುಮಾಡಿದರೆ ತಿಂಗಳಿಗೆ ಸುಮಾರು 20,000 ಸಾಕು. 45ರಲ್ಲಿ ಬರಿಗೈಯಿಂದ ಶುರುಮಾಡಿದರೆ 87,000 ಬೇಕು. ಅಷ್ಟರಲ್ಲಿ ಭವಿಷ್ಯ ನಿಧಿಯಲ್ಲಿ 40 ಲಕ್ಷ ಇದ್ದರೆ ಅದೇ 60ರ ಹೊತ್ತಿಗೆ ಒಂದು ಕೋಟಿ 27 ಲಕ್ಷವಾಗುತ್ತದೆ. ಉಳಿದದ್ದಕ್ಕೆ ತಿಂಗಳಿಗೆ 51,000ದಷ್ಟು ಬೇಕು, ಅದರಲ್ಲಿ ನೌಕರ ಮತ್ತು ಕಂಪನಿಯ ಭವಿಷ್ಯ ನಿಧಿಯ ಪಾಲೂ ಸೇರಿದೆ. ಅಷ್ಟು ಆಗದವರಿಗೆ ದಾರಿ ಎರಡೇ: ಎರಡು ಮೂರು ವರ್ಷ ಹೆಚ್ಚು ದುಡಿಯುವುದು, ಇಲ್ಲವೇ ಕಡಿಮೆ ಖರ್ಚಿನ ಊರಿಗೆ ಹೋಗುವುದು. ಹೆಚ್ಚು ದುಡಿದ ಒಂದೊಂದು ವರ್ಷವೂ ಗಂಟಿಗೆ ಕೂಡುತ್ತದೆ, ಖರ್ಚಿನ ವರ್ಷಗಳಲ್ಲಿ ಒಂದನ್ನು ಕಳೆಯುತ್ತದೆ.

ಸಂಬಳವೇ ಇಲ್ಲದವರ ಲೆಕ್ಕ ಹೀಗೆ ನಡೆಯುವುದಿಲ್ಲ. ರೈತನಿಗೆ ನಿವೃತ್ತಿಯ ವಯಸ್ಸಿಲ್ಲ. ಮೈಯಲ್ಲಿ ಶಕ್ತಿ ಇಲ್ಲವಾದ ದಿನವೇ ನಿವೃತ್ತಿ. ಆ ಹೊತ್ತಿಗೆ ಜಮೀನು ಗೇಣಿಗೆ ಕೊಟ್ಟು ಬದುಕೋಣವೆಂದರೆ 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿ ನಿಷಿದ್ಧ. ಉಳುವವನನ್ನು ಒಡೆಯನನ್ನಾಗಿ ಮಾಡಿದ ಆ ಕಾನೂನು ಚರಿತ್ರೆಯ ದೊಡ್ಡ ಹೆಜ್ಜೆ. ಇಂದಿನ ಮುದಿ ಸಣ್ಣ ರೈತ ಮಾತ್ರ ಬಾಯಿಮಾತಿನ ಪಾಲಿಗೆ ಜಮೀನು ಬಿಟ್ಟು ಬಂದಷ್ಟಕ್ಕೆ ತೃಪ್ತಿಪಡಬೇಕಾಗಿದೆ. 2015ರ ಅಟಲ್ ಪಿಂಚಣಿ ಯೋಜನೆ 60ರ ನಂತರ ತಿಂಗಳಿಗೆ 1,000ದಿಂದ 5,000ದವರೆಗೆ ಖಾತರಿ ಕೊಡುತ್ತದೆ. ಆ 5,000 ಇಪ್ಪತ್ತೈದು ವರ್ಷದ ನಂತರ ಕೈಗೆ ಬರುವಾಗ ಶೇ. 6ರ ಏರಿಕೆಯಲ್ಲಿ ಇಂದಿನ 1,165 ರೂಪಾಯಿಗೆ ಸಮ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯೂ ಸಾವಿರದ ಆಸುಪಾಸಿನದೇ. ಇವನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸದ ಹೊರತು ಬಡವರ ಮುಪ್ಪಿನ ಲೆಕ್ಕ ಕೂಡಿಬರುವುದಿಲ್ಲ.

ಗಂಡ ತೀರಿಕೊಂಡ ಮೇಲಿನ ಹೆಂಡತಿಯ ವರ್ಷಗಳನ್ನು ಹೆಚ್ಚಿನ ಲೆಕ್ಕಗಳು ಬಿಟ್ಟೇ ಬಿಡುತ್ತವೆ. 1995ರ ಯೋಜನೆಯಲ್ಲಿ ಪಿಂಚಣಿದಾರ ತೀರಿಕೊಂಡರೆ ಪತ್ನಿಗೆ ಬರುವುದು ಅದರ ಅರ್ಧ. ಸರ್ಕಾರಿ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಕೊನೆಯ ಮೂಲವೇತನದ ಶೇ. 30. ಮನೆಯ ಖರ್ಚು ಮಾತ್ರ ಅರ್ಧಕ್ಕೆ ಇಳಿಯುವುದಿಲ್ಲ. ದೀಪ, ನೀರು, ತೆರಿಗೆ, ಕೆಲಸದವರ ಸಂಬಳ ಒಬ್ಬರಿಗೂ ಅಷ್ಟೇ. ಆದ್ದರಿಂದ ಈ ಲೆಕ್ಕವನ್ನು ಗಂಡ ಹೆಂಡತಿ ಒಟ್ಟಿಗೆ ಕುಳಿತು, ಒಂದೇ ಪುಸ್ತಕದಲ್ಲಿ, ಪಾಸ್‌ಬುಕ್ಕಿನ ಸಂಖ್ಯೆ, ಪಾಲಿಸಿ, ನಾಮಿನಿಯ ಹೆಸರು ಸಮೇತ ಬರೆದಿಡಬೇಕು. ಪ್ರತಿ ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ನಿಜವಾದ ಖರ್ಚನ್ನು ಹಾಕಿ ಮತ್ತೆ ಮಾಡಬೇಕು.